ರಸ್ತೆ ಮ್ಯಾಲೆ ಬರಿಯೋ ಸೈಕಲ್ಲು

"ಬಣ್ಣದ ಡಬ್ಬಿ ಎಲ್ಲಿ ಕಟ್ಟ್ಯಾನೋ ಅಂವ?"

ಬೇಲಿಯ ಆಚೆಯಿಂದ ಕಾಕಾ ಕೇಳಿದ ಮೊದಲ ಮಾತು ಇದು. ನಮ್ಮ ಮನೆಗೂ ಅವರ ಮನೆಗೂ ನಡುವೆ ಜಾಲಿಮುಳ್ಳಿನ ಬೇಲಿ. ನುಗ್ಗಿಗಿಡ ದಪ್ಪಾದ ಹಾಗೆ ಅದರ ಬುಡದಲ್ಲಿ ಮುಳ್ಳು ಸರಿದು, ಇಬ್ಬರು ಎದುರುಬದುರು ನಿಲ್ಲುವಷ್ಟು ಕಂಡಿ ಬಿದ್ದಿದೆ. ದಿನಾ ಮುಂಜಾನೆ ಚಹಾದ ಕಪ್ಪು ಆ ಕಂಡಿಯಲ್ಲೇ ಈ ಕೈಯಿಂದ ಆ ಕೈಗೆ ದಾಟುತ್ತದೆ. ಮೊನ್ನೆ ಕಪ್ಪಿನ ಜೊತೆ ನನ್ನ ಮೊಬೈಲೂ ದಾಟಿತು. ಕಾಕಾ ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಚಿತ್ರದಲ್ಲಿದ್ದ ಸೈಕಲ್ಲಿನ ಹಿಂದಿನ ಗಾಲಿಯನ್ನೇ ನೋಡುತ್ತಿದ್ದರು. ಸಂತೆಯಲ್ಲಿ ಎತ್ತು ಕೊಳ್ಳುವಾಗ ಗೊರಸು ನೋಡುತ್ತಾರಲ್ಲ, ಹಾಗೆ.

ಹುಬ್ಬಳ್ಳಿಯಲ್ಲಿ ಓದುವ ಮಗ ಕಳಿಸಿದ ಚಿತ್ರ ಅದು. ಅವನು ಹೇಳಿದ ಕತೆಯನ್ನು ಕಾಕಾನಿಗೆ ಹೇಳಿದೆ. 2004ನೇ ಇಸವಿ. ನ್ಯೂಯಾರ್ಕಿನಲ್ಲಿ ಜೋಶುವಾ ಕಿನ್‌ಬರ್ಗ್ ಎಂಬ ಕಲಾಶಾಲೆಯ ಹುಡುಗ. ಅಧ್ಯಕ್ಷ ಜಾರ್ಜ್ ಬುಶ್ ಅವರ ಪಕ್ಷದ ಸಮಾವೇಶ ಆ ಊರಿನಲ್ಲಿ ಸೇರುವುದಿತ್ತು. ಇವನಿಗೆ ಅದಕ್ಕೆ ವಿರೋಧ ಹೇಳಬೇಕಿತ್ತು. ಸೈಕಲ್ಲಿನ ಹಿಂದೆ ಸೀಮೆಸುಣ್ಣದ ಸ್ಪ್ರೇ ಡಬ್ಬಿಗಳನ್ನು ಸಾಲಾಗಿ ಜೋಡಿಸಿ, ಅವಕ್ಕೆ ಕಂಪ್ಯೂಟರ್ ಮತ್ತು ಮೊಬೈಲ್ ಕೂಡಿಸಿದ. ಎಲ್ಲೋ ಕೂತವರು ಇಂಟರ್ನೆಟ್ಟಿನಿಂದ ಒಂದು ಸಾಲು ಕಳಿಸಿದರೆ ಅದು ಸೈಕಲ್ಲಿಗೆ ಬಂದು ಮುಟ್ಟುತ್ತಿತ್ತು. ಇವನು ಪೆಡಲ್ ತುಳಿಯುತ್ತ ಹೋದ ಹಾಗೆ ಡಬ್ಬಿಗಳು ಚುಕ್ಕಿ ಉಗುಳುತ್ತ, ಚುಕ್ಕಿ ಕೂಡಿ ಅಕ್ಷರವಾಗಿ, ರಸ್ತೆಯ ಮೇಲೆ ಆ ಸಾಲು ಮೂಡುತ್ತಿತ್ತು. ಬ್ಯಾಂಕಿನಲ್ಲಿ ಪಾಸ್‌ಬುಕ್ ಮೇಲೆ ಮಷಿನ್ ಹೊಡೆಯುತ್ತದಲ್ಲ, ಅದೇ ಲೆಕ್ಕ. ಕಾಗದದ ಜಾಗದಲ್ಲಿ ಡಾಂಬರು. ಸಮಾವೇಶ ಶುರುವಾಗುವ ಮೊದಲೇ, ಟಿವಿಯವರಿಗೆ ಸೈಕಲ್ ತೋರಿಸುತ್ತಿದ್ದಾಗ, ಪೊಲೀಸರು ಅವನನ್ನು ಹಿಡಿದರು. ಸೈಕಲ್ಲೂ ಜಪ್ತಿಯಾಯಿತು. ಆರೋಪ ಕಡೆಗೆ ನಿಲ್ಲಲಿಲ್ಲ. ಆದರೆ ಯಾವ ದಿನಕ್ಕೆಂದು ಆ ಸೈಕಲ್ ಕಟ್ಟಿದ್ದನೋ ಆ ದಿನ ಅದು ಒಂದಕ್ಷರವನ್ನೂ ಬರೆಯಲಿಲ್ಲ.

"ನೀರ ಹಾಕಿದ್ರ ಹೋಗೋ ಸುಣ್ಣಕ್ಕ ಹಿಡಕೊಂಡ ಹ್ವಾದ್ರ?"

"ಹೂಂ ಕಾಕಾ."

ಕಾಕಾ ಸುಮ್ಮನೆ ತಮ್ಮ ಬಾಗಿಲ ಕಡೆ ತಿರುಗಿದರು. ಅಲ್ಲಿ ಕಾಕು ಥಳಿ ಹೊಡೆದು ಕುಕ್ಕರಗಾಲಲ್ಲಿ ಕೂತಿದ್ದರು. ಬಲಗೈಯ ಹೆಬ್ಬೆರಳು ತೋರುಬೆರಳ ಸಂದಿಯಿಂದ ರಂಗೋಲಿ ಸಣ್ಣಗೆ ಇಳಿಯುತ್ತಿತ್ತು. ಮೊದಲು ಚುಕ್ಕಿ, ಆಮೇಲೆ ಚುಕ್ಕಿ ಸುತ್ತಿಕೊಂಡು ಗೆರೆ. ಗೆರೆ ಎಳೆಯುವಾಗ ಆ ಕೈಯನ್ನು ಒಂದು ಸಲವೂ ಎತ್ತಿ ಇಟ್ಟದ್ದು ನಾನು ಕಾಣೆ. ಅಮೆರಿಕದ ಹುಡುಗ ಕಂಪ್ಯೂಟರ್ ಕಟ್ಟಿ ಮಾಡಿದ ಚುಕ್ಕಿಯ ಕೆಲಸವನ್ನು ಈ ಹೆಣ್ಣುಮಗಳು ಐವತ್ತು ವರ್ಷದಿಂದ ದಿನಾ ಸೂರ್ಯ ಹುಟ್ಟುವ ಮೊದಲು ಮಾಡಿ ಮುಗಿಸುತ್ತಿದ್ದಾರೆ. ನಮ್ಮ ಕಡೆ ಬೆಳಗಾದರೆ ರಸ್ತೆಯ ಮೇಲೆ ಮೊದಲು ಬರೆಯುವವರು ಹೆಂಗಸರೇ. ಯಾರ ಅಪ್ಪಣೆಯೂ ಬೇಕಾಗಿಲ್ಲ. ಸರ್ಕಾರಕ್ಕೂ ಅದರ ಬಲ ಗೊತ್ತಿದೆ. ಚುನಾವಣೆ ಬಂದರೆ ಮತದಾನದ ಜಾಗೃತಿಗೆ ರಂಗೋಲಿ ಸ್ಪರ್ಧೆ ಇಡುತ್ತಾರೆ, ಶಿಕ್ಷಕರು, ಅಂಗನವಾಡಿಯವರನ್ನು ಕೂಡಿಸಿ ಸೈಕಲ್ ಜಾಥಾ ತೆಗೆಯುತ್ತಾರೆ. ಬರೆಯುವ ಕೈ, ಊರು ಸುತ್ತುವ ಗಾಲಿ, ಎರಡನ್ನೂ ಅವರು ನಮ್ಮಿಂದಲೇ ಕಡ ತೆಗೆದುಕೊಂಡಿದ್ದಾರೆ.

ನಾನು ಗೋಡೆ ಬರೆಯುವವನು. ಮೂವತ್ತು ವರ್ಷದ ಕಸುಬು. ಸೈಕಲ್ಲಿನ ಹ್ಯಾಂಡಲ್ಲಿಗೆ ಎರಡು ಡಬ್ಬಿ, ಕ್ಯಾರಿಯರಿನ ಮೇಲೆ ಸುಣ್ಣದ ಚೀಲ, ನಡುವಿನ ದಂಡಕ್ಕೆ ಕಟ್ಟಿದ ಸಣ್ಣ ಏಣಿ. ಹೀಗೆ ನಮ್ಮೂರು ಕುಬಿಹಾಳದಿಂದ ಹೊರಟು ಸಂಶಿ, ಯರಗುಪ್ಪಿ, ಕಮಡೊಳ್ಳಿ, ಗುಡಗೇರಿ ಎಲ್ಲ ತಿರುಗಿದ್ದೇನೆ. ಹತ್ತಿ ಬೀಜ, ಗೊಬ್ಬರ, ಸಿಮೆಂಟು, ಬೀಡಿ ಬರೆದಿದ್ದೇನೆ. ಚುನಾವಣೆ ಬಂದಾಗ ಎಲ್ಲ ಪಕ್ಷದ ಚಿಹ್ನೆಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿದ್ದೇನೆ. ಗೋಡೆಗೆ ಎರಡು ಕೈ ಸುಣ್ಣ, ಬೆಳ್ಳಗಾಗಲಿ ಎಂದು ಸುಣ್ಣಕ್ಕೆ ಚೂರು ನೀಲಿ, ಒರೆಸಿದರೆ ಕೈಗೆ ಹತ್ತದಿರಲಿ ಎಂದು ಒಂದಿಷ್ಟು ಗೋಂದು. ಆಮೇಲೆ ದಾರಕ್ಕೆ ಕಾವಿ ಹಚ್ಚಿ, ಆ ತುದಿ ಒಬ್ಬ ಈ ತುದಿ ಒಬ್ಬ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಟಪ್ಪಂತ ಗೋಡೆಯ ಮೇಲೆ ಗೆರೆ ಬೀಳುತ್ತದೆ. ಅಕ್ಷರ ಸೊಟ್ಟಾಗುವುದೂ ನೆಟ್ಟಗಾಗುವುದೂ ಆ ಗೆರೆಯಲ್ಲಿದೆ.

ಅದಕ್ಕೇ ಆ ಅಮೆರಿಕದ ಸೈಕಲ್ ನೋಡಿದಾಗ ನನಗೆ ಹೊಳೆದದ್ದು ಬೇರೆಯೇ. ಇಂಗ್ಲಿಷಿಗೆ ಒಂದು ಸಾಲು ಡಬ್ಬಿ ಸಾಕಾಗುತ್ತದೆ. ಅವರ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಕನ್ನಡಕ್ಕೆ ಸಾಕಾಗುವುದಿಲ್ಲ. ಗುಡಿಸು ಮೇಲೆ ಏರುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ. "ರಸ್ತೆ" ಎಂದು ಬರೆಯಲು ಹೋದರೆ ಸ ಕೆಳಗಿನ ತ ಒತ್ತಿಗೆ ಜಾಗ ಬೇಕು. ಗೋಡೆ ಬರೆಯುವವನು ಎರಡು ಸಾಲಿನ ನಡುವೆ ಅದಕ್ಕೆಂದೇ ನಾಲ್ಕು ಬೆರಳು ಬಿಟ್ಟಿರುತ್ತಾನೆ. ಇನ್ನು ರಸ್ತೆಯ ಮೇಲೆ ಬರೆಯುವುದಾದರೆ ಅಕ್ಷರವನ್ನು ಉದ್ದಕ್ಕೆ ಎಳೆಯಬೇಕು. ಗೋಡೆಯನ್ನು ಎದುರು ನಿಂತು ಓದುತ್ತಾರೆ. ರಸ್ತೆಯನ್ನು ದೂರದಿಂದ ಓರೆಗಣ್ಣಿನಲ್ಲಿ ಓದುತ್ತ ಬರುತ್ತಾರೆ. ಒಂದು ಮೊಳದ ಅಕ್ಷರ ಅಲ್ಲಿಂದ ಗೇಣಿನಷ್ಟು ಕಾಣುತ್ತದೆ. ಇದೆಲ್ಲ ಕಾಕಾನಿಗೆ ಹೇಳಿದೆ. ಅವರು ಗೋಣು ಹಾಕಿದರು. "ಕನ್ನಡ ಬರಿಯೋ ಸೈಕಲ್ ಇನ್ನೂ ಆಗಬೇಕಾತು ಹಂಗಾರ" ಅಂದರು.

ಅಷ್ಟು ಹೇಳಿ ಅವರು ಹೋಗಬಹುದಿತ್ತು. ಎತ್ತಿಗೆ ಮೇವು ಹಾಕುವ ಹೊತ್ತು. ಹೋಗಲಿಲ್ಲ.

"ತಮ್ಮಾ, ಸೈಕಲ್ ಬರದಿಲ್ಲಪಾ ನಮ್ಮ ಕಾಲಕ್ಕ. ಆದ್ರ ಸುದ್ದಿ ಹೊತಗೊಂಡ ಬಂದೈತಿ."

1980ರ ಜುಲೈ 21ರ ಮಾತು ಅದು. ಮಲಪ್ರಭೆಯ ಕಾಲುವೆ ನೀರು ಹೊಲಕ್ಕೆ ನೆಟ್ಟಗೆ ಬರುವ ಮೊದಲೇ ಸರ್ಕಾರ ಅಭಿವೃದ್ಧಿ ಕರ, ನೀರಿನ ಕರ ಎಂದು ಕೇಳತೊಡಗಿತ್ತು. ನವಲಗುಂದ, ನರಗುಂದ, ಸವದತ್ತಿಯ ರೈತರು ಬೀದಿಗೆ ಇಳಿದರು. ಗೋಲಿಬಾರ್ ಆಯಿತು. ನವಲಗುಂದದಲ್ಲಿ ಅಳಗವಾಡಿ, ಶಲವಡಿ ಕಡೆಯ ಹಳ್ಳಿಗಳಿಂದಲೂ ಬಂದ ಜನದ ನಡುವೆ ಬಸಪ್ಪ ಲಕ್ಕುಂಡಿ ಬಿದ್ದರು, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ. ಆ ಹೆಸರುಗಳನ್ನು ಕಾಕಾ ಹೇಳುವಾಗ ಧ್ವನಿ ಈಗಲೂ ಇಳಿಯುತ್ತದೆ. ಇಂದಿಗೂ ಪ್ರತಿ ವರ್ಷ ಜುಲೈ 21ಕ್ಕೆ ಅಲ್ಲಿ ರೈತ ಹುತಾತ್ಮ ದಿನ. ಮರುವರ್ಷದ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿಗೆ ರೈತರ ಕಾಲ್ನಡಿಗೆ ಜಾಥಾ ಹೋಯಿತು. ಅಲ್ಲಿಂದಾಚೆ ಕರ್ನಾಟಕದ ರಾಜಕಾರಣದಲ್ಲಿ ಹಸಿರು ಶಾಲಿಗೆ ಒಂದು ಬೆಲೆ ಬಂತು.

"ಇಲ್ಲಿಗೆ ಸುದ್ದಿ ಹೆಂಗ ಬಂತು ಗೊತ್ತೇನ? ಮರುದಿನ ಹುಬ್ಬಳ್ಳಿಗೆ ಹಾಲ ಹಾಕಿ ಬರಾಂವ ಸೈಕಲ್ ಮ್ಯಾಲೆ ತಂದಾ. ಸ್ಟ್ಯಾಂಡ್ ಹಚ್ಚಲಿಲ್ಲ ಅಂವ. ಸೈಕಲ್ ಗ್ವಾಡಿಗೆ ಆನಿಸಿ, ಕಟ್ಟಿ ಮ್ಯಾಲೆ ಕುಂತ ಬಿಟ್ಟಾ. ಖಾಲಿ ಕ್ಯಾನ್ ಹಂಗ ಅಲ್ಲಾಡಾಕ ಹತ್ತಿತ್ತು."

ನಲವತ್ತು ವರ್ಷದ ಮೇಲೂ ಕಾಕಾನಿಗೆ ನೆನಪಿರುವುದು ಆ ಖಾಲಿ ಕ್ಯಾನಿನ ಸಪ್ಪಳ.

ಆ ರಾತ್ರಿ ನಾಲ್ಕು ಜನ ಹುಡುಗರು ಕೂಡಿ ಗುಡಿಯ ಹಿಂದಿನ ಗೋಡೆಯ ಮೇಲೆ ಸತ್ತವರ ಹೆಸರು ಕಾವಿಯಲ್ಲಿ ಬರೆದರಂತೆ. ಬರೆದವರಲ್ಲಿ ಇಬ್ಬರಿಗೆ ಮಾತ್ರ ಅಕ್ಷರ ಬರುತ್ತಿತ್ತು. ಕಾಕಾ ಕಂದೀಲು ಹಿಡಿದು ನಿಂತಿದ್ದರು. ಮಳೆಗಾಲದಲ್ಲಿ ಅದು ಎಷ್ಟು ದಿನ ಉಳಿದೀತು? ಹದಿನೈದು ದಿನಕ್ಕೆ ಮಸುಕಾಯಿತು. ಆದರೆ ಆ ಗೋಡೆ ಮುಂದೆ ಬಹಳ ವರ್ಷ "ಹೆಸರ ಬರದ ಗ್ವಾಡಿ" ಎಂದೇ ಹೆಸರಾಗಿತ್ತು. ಆಮೇಲೆ ಪ್ರೊಫೆಸರ್ ನಂಜುಂಡಸ್ವಾಮಿ ಅವರ ರೈತ ಸಂಘ ಬಂತು. ರೈತರ ಒಪ್ಪಿಗೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಹಳ್ಳಿಗಳ ಬಾಯಲ್ಲಿ ಬೋರ್ಡು ಎದ್ದವು. ರೈತ ಸಾಲಗಾರನಲ್ಲ, ಬಾಕಿ ಇರುವುದು ಸರ್ಕಾರದ ಕಡೆ ಎಂಬ ಮಾತು ಗೋಡೆಗೋಡೆಯ ಮೇಲೆ ಬಂತು. ನಾನು ಕಸುಬು ಕಲಿಯುವಾಗ ಹಳೆಯ ಸುಣ್ಣ ಕೆರೆದರೆ ಕೆಳಗೆ ಅಂಥ ಅಕ್ಷರ ಸಿಗುತ್ತಿದ್ದವು. ಜಾಹೀರಾತಿಗೆಂದು ಅವನ್ನು ಮುಚ್ಚುವಾಗ ಕೈ ತಡವರಿಸಿದ್ದಿದೆ.

ಈಗ 2016ಕ್ಕೆ ಬನ್ನಿ. ಅದೇ ನವಲಗುಂದ, ಅದೇ ಜುಲೈ ತಿಂಗಳು. ಮಹದಾಯಿಯ ಕಳಸಾ, ಬಂಡೂರಿ ಹಳ್ಳಗಳ ನೀರಿಗಾಗಿ ನರಗುಂದದಲ್ಲಿ ವರ್ಷದ ಹಿಂದೆಯೇ ಧರಣಿ ಕೂತಿದ್ದರು. ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿನ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿತು. ಊರುಗಳು ಹೊತ್ತಿಕೊಂಡವು. ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೆಂಗಸರು, ವಯಸ್ಸಾದವರು ಎನ್ನದೆ ಲಾಠಿ ಬೀಸಿದ ದೃಶ್ಯವನ್ನು ಇಡೀ ರಾಜ್ಯ ಕಂಡಿತು. ಟಿವಿಯಲ್ಲಿ, ಆಮೇಲೆ ಕೈಕೈಯ ಮೊಬೈಲಿನಲ್ಲಿ. 1980ರಲ್ಲಿ ಬಸಪ್ಪ ಲಕ್ಕುಂಡಿ ಬಿದ್ದದ್ದನ್ನು ಕಣ್ಣಾರೆ ಕಂಡವರು ಅಲ್ಲಿದ್ದವರು ಮಾತ್ರ. ನಮಗೆ ಬಂದದ್ದು ಹಾಲಿನವನ ಬಾಯಿಮಾತು. 2016ರಲ್ಲಿ ಕಾಕಾ ಇದೇ ಬೇಲಿಯ ಕಂಡಿಯಲ್ಲಿ ನಿಂತು ನನ್ನ ಮೊಬೈಲಿನಲ್ಲಿ ಆ ಲಾಠಿ ನೋಡಿದರು. ಪೂರ್ತಿ ನೋಡಲಿಲ್ಲ, ಅರ್ಧಕ್ಕೇ ವಾಪಸು ಕೊಟ್ಟರು. 2018ರ ಆಗಸ್ಟ್ 14ಕ್ಕೆ ಅಂತಿಮ ತೀರ್ಪು ಬಂದು ರಾಜ್ಯಕ್ಕೆ 13.42 ಟಿಎಂಸಿ ಹಂಚಿಕೆಯಾಯಿತು. ಅದರಲ್ಲಿ ಕಳಸಾ, ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ಆ ನೀರಿಗೆ ಜನ ಇನ್ನೂ ಕಾಯುತ್ತಿದ್ದಾರೆ.

ಮೊಬೈಲ್ ಸಾಕ್ಷಿ ಹೇಳಬಲ್ಲದು, ಗೋಡೆ ನೆನಪು ಇಟ್ಟುಕೊಳ್ಳಬಲ್ಲದು. ಇವೆರಡನ್ನೂ ಒಂದು ಕೈಯಲ್ಲಿ ಹಿಡಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಮೈಸೂರಿನ ಬಾದಲ್ ನಂಜುಂಡಸ್ವಾಮಿ. ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತವರು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ರಸ್ತೆ ಕುಸಿದು ನೀರು ನಿಂತ ಹೊಂಡದಲ್ಲಿ ಒಂದು ಮೊಸಳೆ ತಂದು ಬಿಟ್ಟರು. ಜೀವಂತ ಮೊಸಳೆಯಷ್ಟೇ ದೊಡ್ಡದು, ಸ್ವಂತ ಖರ್ಚಿನಲ್ಲಿ ಕೈಯಾರೆ ಮಾಡಿದ್ದು. ಹೊಂಡದ ಸುತ್ತ ಹಸಿರು ನೀರಿನ ಬಣ್ಣ ಹೊಡೆದರು. ಜನ ನಿಂತು ಫೋಟೋ ತೆಗೆದರು, ಫೋಟೋ ಊರೂರು ತಿರುಗಿತು, ಹೊಂಡ ಮುಚ್ಚಿತು. 2019ರ ಸೆಪ್ಟೆಂಬರ್ ಮೊದಲ ವಾರ, ಚಂದ್ರಯಾನ-2 ಚಂದ್ರನ ಮೇಲೆ ಇಳಿಯುವುದನ್ನು ದೇಶ ಕಾಯುತ್ತಿದ್ದಾಗ, ಹೇರೋಹಳ್ಳಿ ಕಡೆಯ ರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾನಿಯ ಉಡುಪು ತೊಡಿಸಿ ರಾತ್ರಿ ನಡೆಸಿದರು. ವಿಡಿಯೋದಲ್ಲಿ ಮೊದಲು ಕಾಣುವುದು ಕುಳಿಗಳ ನಡುವೆ ತೇಲಿದ ಹಾಗೆ ಹೆಜ್ಜೆ ಇಡುವ ಗಗನಯಾನಿ. ಚಂದ್ರನೇ ಅನ್ನಿಸುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋ ಹಾದು ಹೋಗುತ್ತದೆ. ಮರುದಿನವೇ ರಸ್ತೆ ಕೆಲಸದವರು ಬಂದರು.

ಆ ಆಟೋ ಬರುವ ಗಳಿಗೆಯನ್ನು ಕಾಕಾ ಮೂರು ಸಲ ಹಾಕಿಸಿಕೊಂಡು ನೋಡಿದರು. "ಇಂವಗ ರಸ್ತೆ ಹೆಂಗ ಕಾಣ್ತೋ?" ಎಂದು ಕೇಳಿದರು. ಚಂದದ ಪ್ರಶ್ನೆ. ನಾನು ಯೋಚಿಸಿ ಹೇಳಿದೆ: ನಡೆದು ಹೋಗುವವನಿಗೆ, ಸೈಕಲ್ ಮೇಲೆ ಹೋಗುವವನಿಗೆ ಮಾತ್ರ ರಸ್ತೆ ಕಾಣುತ್ತದೆ. ಕಾರಿನವನಿಗೆ ಕುಳಿ ಅಂದರೆ ಒಂದು ಜರ್ಕು. ಸೈಕಲ್ಲಿನವನಿಗೆ ಅದರ ಆಕಾರ ಗೊತ್ತು, ಅಂಚು ಗೊತ್ತು, ಯಾವ ಕಡೆಯಿಂದ ಹಾಯಬೇಕು ಗೊತ್ತು.

ನಮ್ಮ ಎರಿ ಭೂಮಿಯಲ್ಲಂತೂ ಇದು ಇನ್ನೂ ನಿಜ. ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಕೆಳಗಿನ ಮಣ್ಣು ಹೀಗೆ ಉಸಿರಾಡುತ್ತಿರುವಾಗ ಮೇಲಿನ ಡಾಂಬರು ಒಡೆಯದೆ ಏನಾಗುತ್ತದೆ? ದಪ್ಪ ಗರಸು ಹಾಕಿ ದಿಮ್ಮಸು ಹೊಡೆದು ನೀರು ಹರಿಯಲು ದಾರಿ ಮಾಡದ ರಸ್ತೆ ಇಲ್ಲಿ ಎರಡು ಮಳೆ ತಡೆಯುವುದಿಲ್ಲ. ಇನ್ನು ಹೊಲದ ದಾರಿ. ಶ್ರಾವಣದಲ್ಲಿ ಸೈಕಲ್ ತಳ್ಳಿಕೊಂಡು ಹೋಗಿ ನೋಡಿ. ಹತ್ತು ಹೆಜ್ಜೆಗೆ ಮಡ್‌ಗಾರ್ಡಿನ ಒಳಗೆ ಎರಿ ಮೆತ್ತಿಕೊಂಡು ಗಾಲಿ ನಿಂತುಬಿಡುತ್ತದೆ. ತೊಗರಿ ಕಟಗಿ ಮುರಿದು ಕೆದರಬೇಕು. ಮತ್ತೆ ಹತ್ತು ಹೆಜ್ಜೆ. ಕಡೆಗೆ ಸೈಕಲ್ಲೇ ಹೆಗಲಿಗೆ. ಸಾಲಿಗೆ ಹೋಗುವ ಮಕ್ಕಳು ಹೀಗೆ ಸೈಕಲ್ ಹೊತ್ತು ಬರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಈ ಭಾಗದ ಎಷ್ಟು ಹೆಣ್ಣುಮಕ್ಕಳು ಹೈಸ್ಕೂಲು ಕಂಡರು! ಕೊರೋನಾ ಕಾಲಕ್ಕೆ ಅದು ನಿಂತಿತು. ನಿಲ್ಲಬಾರದಿತ್ತು.

ಹೆಣ್ಣುಮಕ್ಕಳ ಸೈಕಲ್ ಅಂದರೆ ತಮಿಳುನಾಡಿನ ಪುದುಕ್ಕೋಟ್ಟೈ ನೆನಪಿಗೆ ಬರುತ್ತದೆ. 1991ರ ಸುಮಾರಿಗೆ ಅಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರು ಅಕ್ಷರದ ಜೊತೆಗೇ ಸೈಕಲ್ಲನ್ನೂ ಕಲಿಸಿದರು. ಹೊಲದ ಕೂಲಿಯವರು, ಕಲ್ಲುಕ್ವಾರಿಯ ಹೆಂಗಸರು, ಅಂಗನವಾಡಿಯವರು, ಎಲ್ಲರೂ. 1992ರ ಮಹಿಳಾ ದಿನದಂದು ಸುಮಾರು 1500 ಹೆಂಗಸರು ಹ್ಯಾಂಡಲ್ಲಿಗೆ ಬಾವುಟ ಕಟ್ಟಿ, ಗಂಟೆ ಬಾರಿಸುತ್ತ ಊರ ಬೀದಿಯಲ್ಲಿ ಹೊರಟರು. ಆ ಮೆರವಣಿಗೆಯಲ್ಲಿ ಒಂದೂ ಘೋಷಣೆ ಇರದಿದ್ದರೂ ನಡೆಯುತ್ತಿತ್ತು. ಹೆಣ್ಣುಮಗಳು ಯಾರನ್ನೂ ಕೇಳದೆ ತನ್ನ ಗಾಲಿಯ ಮೇಲೆ ತಾನು ಹೊರಟದ್ದೇ ದೊಡ್ಡ ರಾಜಕಾರಣ.

ನನ್ನ ತಂಗಿಯ ಊರಿನ ಹೆಸರು ಇಲ್ಲಿ ಬೇಡ. ಅವಳ ಮಗಳು ಎಂಟನೆಯ ತರಗತಿ, ಅಣ್ಣನ ಹಳೆಯ ಸೈಕಲ್ ತುಳಿಯುತ್ತಾಳೆ. ಸಾಲಿಯ ದಾರಿಯಲ್ಲಿ ಪೈಪು ಹಾಕಲು ತೆಗೆದ ತಗ್ಗನ್ನು ಸರಿಯಾಗಿ ಮುಚ್ಚದೆ ಬಿಟ್ಟಿದ್ದರು. ಇವಳ ಗೆಳತಿ ಅದರಲ್ಲಿ ಬಿದ್ದು ಹಲ್ಲು ಮುರಿದುಕೊಂಡಳು. ಮರುದಿನ ಈ ಹುಡುಗಿ ಒಂದು ಬಟ್ಟಲು ರಂಗೋಲಿ ಕಟ್ಟಿಕೊಂಡು ಹೋಗಿ ತಗ್ಗಿನ ಸುತ್ತ ಬಳ್ಳಿ ಬರೆದಳು. ಒಳಗೆ ಕೈ ಇಳಿಸಿ ಅಳೆದು, ಪಕ್ಕದಲ್ಲಿ "ಎರಡು ಗೇಣು ನಾಲ್ಕು ಬೆರಳು" ಎಂದು ಬರೆದು, ತಾರೀಖು ಹಾಕಿ, ಅವ್ವನ ಮೊಬೈಲಿನಲ್ಲಿ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಬಿಟ್ಟಳು. ಯಾರೋ ಅದನ್ನು ಅಳಿಸಿದರು. ಮರುದಿನ ಮತ್ತೆ ಬರೆದಳು, ಹೊಸ ತಾರೀಖು. ಎಮ್ಮೆ ತುಳಿದು ಕೆಡಿಸಿದರೆ ಮತ್ತೆ ಬರೆದಳು. ಒಂಬತ್ತನೆಯ ದಿನ ಒಂದು ಟ್ರ್ಯಾಕ್ಟರ್ ಗರಸು ಬಂತು. ಎರಡು ಮಳೆಗೆ ಗರಸು ಕೂತು ಒಂದು ಗೇಣು ತಗ್ಗು ಮತ್ತೆ ಬಿತ್ತು. ಈ ಸಲ "ಒಂದು ಗೇಣು" ಎಂದು ಬರೆದಳು. ತಂಗಿ ಫೋನಿನಲ್ಲಿ ಹೆದರಿ ಹೇಳಿದಳು: "ಅಣ್ಣಾ, ಹುಡಿಗಿಗೆ ನೀನರ ಒಂದ ಮಾತ ಹೇಳೋ." ನಾನು ಹೇಳಿದ್ದು ಒಂದೇ ಮಾತು, ಅಕ್ಷರ ಸ್ವಲ್ಪ ಉದ್ದಕ್ಕೆ ಎಳಿ, ದೂರದಿಂದ ಕಾಣತೈತಿ.

ಹೆದರಿಕೆ ಸುಳ್ಳಲ್ಲ. 1981ರ ಒಂದು ಕಾಯಿದೆ ಇದೆ, ತೆರೆದ ಸ್ಥಳಗಳ ವಿರೂಪ ತಡೆಯುವ ಕಾಯಿದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ "ಪೇಸಿಎಂ" ಪೋಸ್ಟರ್ ಬಂದವಲ್ಲ, ಪಕ್ಕದ ಶಿಗ್ಗಾವಿಯಿಂದ ಗೆದ್ದು ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರ ಮುಖವನ್ನೇ ಕ್ಯೂಆರ್ ಕೋಡಿನ ನಡುವೆ ಇಟ್ಟು, ಮೊಬೈಲ್ ಹಿಡಿದರೆ ಶೇಕಡಾ 40 ಕಮಿಷನ್ ಆರೋಪದ ಪುಟ ತೆರೆಯುವ ಹಾಗೆ ವಿರೋಧ ಪಕ್ಷ ಮಾಡಿದ್ದು, ಆಗ ಕೇಸು ಬಿದ್ದದ್ದು ಈ ಕಾಯಿದೆಯಲ್ಲೇ. ಗೋಡೆ, ಮೊಬೈಲು, ರಾಜಕಾರಣ ಮೂರೂ ಒಂದೇ ಕಾಗದದಲ್ಲಿ ಕೂಡಿದ್ದನ್ನು ಕಂಡು ಕಸುಬುದಾರನಾಗಿ ನಾನು ಬೆರಗಾದೆ. ಆದರೂ ಆ ಕಾಗದ ಅಚ್ಚಾದದ್ದು ಪಕ್ಷದ ದುಡ್ಡಿನಲ್ಲಿ. ಪಕ್ಷ ಯಾವುದಾದರೂ ಇರಲಿ, ಅದರ ಕೈಯಲ್ಲಿ ಗೋಡೆ ಇದ್ದೇ ಇರುತ್ತದೆ. ನನ್ನ ಸೋದರಸೊಸೆಯ ಕೈಯಲ್ಲಿ ಇರುವುದು ಒಂದು ಬಟ್ಟಲು ರಂಗೋಲಿ.

ಒಳ್ಳೆಯ ಉಪಾಯವನ್ನು ದುಡ್ಡಿದ್ದವರು ಕೊಂಡೊಯ್ಯುವುದೂ ಉಂಟು. ಆ ನ್ಯೂಯಾರ್ಕಿನ ಹುಡುಗನನ್ನು ಹಿಡಿದು ಐದು ವರ್ಷಕ್ಕೆ, 2009ರಲ್ಲಿ, ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯದ ದಾರಿಯ ಮೇಲೆ ನೈಕಿ ಕಂಪನಿಯ ಯಂತ್ರವೊಂದು ಜನ ಮೊಬೈಲಿನಿಂದ ಕಳಿಸಿದ ಸಾಲುಗಳನ್ನು ಹಳದಿ ಸುಣ್ಣದಲ್ಲಿ ಬರೆಯುತ್ತ ಹೋಯಿತು. ಕ್ಯಾನ್ಸರ್ ರೋಗಿಗಳಿಗೆ ಧೈರ್ಯ ಹೇಳುವ ಸಾಲುಗಳು, ಒಳ್ಳೆಯವೇ. ಯಾರೂ ಯಾರನ್ನೂ ಹಿಡಿಯಲಿಲ್ಲ.

ಇಲ್ಲಿ ನಾನು ಕಾಕಾನಿಗೆ ನನ್ನ ಮನಸ್ಸಿನ ಮಾತು ಹೇಳಿದೆ. ಆ ಹುಡುಗನ ಸೈಕಲ್ ಚಂದ ಇದೆ, ಆದರೆ ಎಲ್ಲೋ ಕೂತವರು ಸಾಲು ಕಳಿಸುವುದು, ಇವನು ಬರೀ ಪೆನ್ನಾಗುವುದು ನನಗೆ ಒಪ್ಪುವುದಿಲ್ಲ. ರಸ್ತೆಯ ಮೇಲೆ ಬರೆಯುವ ಹಕ್ಕು ಆ ರಸ್ತೆ ತುಳಿಯುವವರದು. ತಗ್ಗಿಗೆ ಕೈ ಇಳಿಸಿ ಅಳೆದವಳು ಬರೆಯಬೇಕು.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಕಪ್ಪು ಬೇಲಿಯ ಕಂಬದ ಮೇಲೆ ಇಟ್ಟರು.

"ಹಂಗಾರ ನನ್ನ ಮಗಾ?"

ಅವರ ಕಿರಿಯ ಮಗ ಹತ್ತು ವರ್ಷದಿಂದ ಗೋವಾದಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಬರುತ್ತಾನೆ.

"ಅಂವ ಈ ರಸ್ತೆ ತುಳದ ಬೆಳದಾಂವ. ಹೊಟ್ಟಿಪಾಡಿಗೆ ಹೋಗ್ಯಾನ. ಅಂವಗೂ ಇಲ್ಲಿ ಹೇಳೂದ ಇರತೈತಿಲ್ಲೋ? ವೋಟ್ ಹಾಕಾಕ ಬರಾಕೂ ಆಗೂದಿಲ್ಲ ಒಮ್ಮೊಮ್ಮೆ. ಅಂಥಾಂವ ಒಂದ ಸಾಲ ಕಳಿಸಿದ್ರ, ಇಲ್ಲಿ ಇದ್ದಾಂವ ಒಬ್ಬ ಬರದ್ರ, ತಪ್ಪೇನ?"

ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮ ತಾಲೂಕಿನ ಎಷ್ಟು ಹುಡುಗರು ಗೋವಾ, ಬೆಂಗಳೂರು ಎಂದು ಹೊರಗಿದ್ದಾರೆ! ಊರಿನ ಮೇಲಿನ ಅವರ ಮಾತು ಮೊಬೈಲಿನೊಳಗೇ ಉಳಿದು ಹೋಗುತ್ತದೆ. ಅದನ್ನು ಬೀದಿಗೆ ಇಳಿಸಲು ಇಲ್ಲೊಬ್ಬನ ಕೈ ಬೇಕು. ಕಾಕಾ ಹೇಳಿದ್ದೇ ಸರಿ. ಪೆನ್ನಾಗುವುದೂ ಸಣ್ಣ ಕೆಲಸವಲ್ಲ. ಮೂವತ್ತು ವರ್ಷ ನಾನು ಮಾಡಿದ್ದೂ ಅದನ್ನೇ, ಕಂಪನಿಗಳಿಗೆ, ಪಕ್ಷಗಳಿಗೆ. ಊರವರಿಗೆ ಮಾಡಿರಲಿಲ್ಲ.

ಮೊಬೈಲಿಗೂ ಹೆದರಬೇಕಾಗಿಲ್ಲ ಎಂದು ನಾನು ಹೇಳುತ್ತೇನೆ. ಉದ್ಯೋಗ ಖಾತ್ರಿಯ ಕೆಲಸದಲ್ಲಿ 2023ರ ಜನವರಿಯಿಂದ ಎಲ್ಲ ಕಡೆ ಕೂಲಿಯವರ ಫೋಟೋವನ್ನು ದಿನಕ್ಕೆ ಎರಡು ಸಲ ಆ್ಯಪಿನಲ್ಲಿ ತೆಗೆಯುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದೆ ಫೋಟೋ ಹೋಗದಿದ್ದರೆ ಆ ದಿನದ ಕೂಲಿಗೇ ಕುತ್ತು. ಮಣ್ಣು ಹೊರುವವಳ ಮುಖವನ್ನು ಸರ್ಕಾರ ದಿನಾ ನೋಡುವುದಾದರೆ, ಅವಳು ತುಳಿಯುವ ರಸ್ತೆಯನ್ನೂ ಅದು ನೋಡಲಿ. ಚುನಾವಣಾ ಆಯೋಗ 2018ರಲ್ಲಿ ತಂದ ಸಿ-ವಿಜಿಲ್ ಆ್ಯಪ್ ಇದೆ. ಚುನಾವಣೆಯ ಹೊತ್ತಿನಲ್ಲಿ ದುಡ್ಡು, ಹೆಂಡ ಹಂಚುವುದು ಕಂಡರೆ ಅಲ್ಲೇ ನಿಂತು ಫೋಟೋ ತೆಗೆದು ಕಳಿಸಬಹುದು. ಜಾಗ ಯಾವುದೆಂದು ಅದೇ ಗುರುತಿಸುತ್ತದೆ, ಹೆಸರು ಹೇಳದೆಯೂ ದೂರು ಕೊಡಬಹುದು, 100 ನಿಮಿಷದಲ್ಲಿ ಕ್ರಮ ಆಗಬೇಕೆಂಬ ಗಡುವು ಇದೆ. ಹಳೆಯ ಫೋಟೋ ಹಾಕಲು ಬರುವುದಿಲ್ಲ. ಆ ಜಾಗಕ್ಕೆ ನಾವೇ ಹೋಗಬೇಕು. ಅಂದರೆ ಮತ್ತೆ ಕಾಲು, ಮತ್ತೆ ಸೈಕಲ್.

ಆ ಸಂಜೆ ಕಾಕಾ ಮಗನಿಗೆ ಫೋನ್ ಹಚ್ಚಿಸಿದರು. ಏನು ಬರೆಯಬೇಕು ಎಂದು ಕೇಳಿದರು. ಅವನು ಮೊದಲು ನಕ್ಕ. ಆಮೇಲೆ ಸುಮ್ಮನಾದ. ಆಮೇಲೆ, ಊರ ಬಾಯಲ್ಲಿ ರಸ್ತೆ ತಿರುಗುವ ಕಡೆ ಟ್ರ್ಯಾಕ್ಟರು ಜೋರಾಗಿ ಬರುತ್ತವೆ, ತನ್ನ ಮಗ ಅದೇ ದಾರಿಯಲ್ಲಿ ಸೈಕಲ್ ಮೇಲೆ ಸಾಲಿಗೆ ಹೋಗುತ್ತಾನೆ, ಅಲ್ಲಿ ಬರೆಯಿರಿ ಎಂದ. ಸಾಲನ್ನೂ ಅವನೇ ಹೇಳಿದ: "ನಿಧಾನ ಬರ್ರಿ, ನಮ್ಮ ಹುಡುಗ್ರು ಸೈಕಲ್ ಮ್ಯಾಲೆ ಅದಾರ."

ಮರುದಿನ ಐದು ಗಂಟೆಗೆ ಹೋದೆವು. ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಬಹಳ ದಿನದ ಮೇಲೆ ಡಬ್ಬಿ ಜೋತುಬಿದ್ದಿತು. ಕಾಕು ಹಿಂದಿನಿಂದ ರಂಗೋಲಿಯ ಬಟ್ಟಲು ಹಿಡಿದು ಬಂದರು, ಸುಣ್ಣ ಆರುವ ತನಕ ಅಂಚಿಗೆ ಒಂದು ಬಳ್ಳಿ ಇರಲಿ ಎಂದು. ದಾರಕ್ಕೆ ಕಾವಿ ಹಚ್ಚಿದೆ. ಆ ತುದಿ ಕಾಕಾ ಹಿಡಿದು ಕೂತರು. ಮೊಳಕಾಲು ನೋವು ಅವರಿಗೆ, ಕೂರುವಾಗ ಒಂದು ಕೈ ಡಾಂಬರಿಗೆ ಊರಿದರು.

"ಬಿಗಿ ಹಿಡೀರಿ ಕಾಕಾ."

"ಹಿಡದೇನಿ. ಒತ್ತಕ್ಷರಕ್ಕ ಜಾಗಾ ಬಿಟ್ಟಿಯೇನ?"

"ಬಿಟ್ಟೇನಿ."

ನಡುವೆ ಕೂತು ದಾರ ಎಳೆದು ಬಿಟ್ಟೆ.